ಮಠದ ಗೋಡೆಗೆ ಮಠದ ಚಿತ್ರ

ಊರಿಂದ ಯಾರೇ ಸ್ಪೇನ್‌ನ ಸೆವಿಲ್‌ಗೆ ಬಂದರೂ ನಾನು ಮೊದಲು ಕರೆದೊಯ್ಯುವುದು ಇಲ್ಲಿನ ಲಲಿತಕಲೆಗಳ ಮ್ಯೂಸಿಯಂಗೆ. ದೊಡ್ಡ ಕೆಥೆಡ್ರಲ್ ಆಮೇಲೆ. ಮ್ಯೂಸಿಯಂ ಇರುವುದು ಮರ್ಸಿಡೇರಿಯನ್ ಸನ್ಯಾಸಿಗಳ ಹಳೇ ಮಠದಲ್ಲಿ. ಸುತ್ತ ಕಂಬಸಾಲು, ನಡುವೆ ಬಯಲು ಅಂಗಳ, ಹೆಚ್ಚುಕಡಿಮೆ ನಮ್ಮ ತೊಟ್ಟಿಮನೆ ಲೆಕ್ಕವೇ.

1835ರಲ್ಲಿ ಸ್ಪೇನ್ ಸರ್ಕಾರ ಮಠಗಳನ್ನು ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡಿತು. ಸನ್ಯಾಸಿಗಳ ಪಾಲಿಗೆ ಅದು ಅನ್ಯಾಯವೇ. ಎಷ್ಟೋ ಚಿತ್ರಗಳು ಚದುರಿಹೋದವು. ಆದರೆ ಅದೇ ವರ್ಷ ಮ್ಯೂಸಿಯಂ ಸ್ಥಾಪಿಸಿದರು. ಉಳಿದ ಚಿತ್ರಗಳಿಗೆ ಕೊನೆಗೆ ನೆಲೆಯಾದದ್ದು ಈ ಖಾಲಿ ಮಠ.

ಮಠದ ಚರ್ಚ್ ಈಗ ದೊಡ್ಡ ಹಜಾರ. ಅಲ್ಲಿ ಚಿತ್ರಕಾರ ಮುರಿಯೊ ಕಪುಚಿನ್ ಸನ್ಯಾಸಿಗಳ ಮಠಕ್ಕೆ ಬರೆದುಕೊಟ್ಟ ಚಿತ್ರಗಳಿವೆ. ಆಳೆತ್ತರದ ಚಿತ್ರಗಳ ನಡುವೆ ಒಂದು ಚಿಕ್ಕದು: ತಾಯಿ ಮೇರಿಯ ತೋಳಿಂದ ಮಗು ಯೇಸು ಮುಂದಕ್ಕೆ ಬಾಗಿದ್ದಾನೆ, ಈಗಲೇ ನಮ್ಮ ಮೇಲೆ ಬೀಳುತ್ತಾನೇನೋ ಅನ್ನುವಂತೆ. ಊಟದ ಬಟ್ಟೆಯ ಮೇಲೆ ಬರೆದದ್ದು ಅಂತ ಒಂದು ಕಥೆ ಇದೆ. ನಿಜಕ್ಕೂ ಅದು ಕ್ಯಾನ್ವಾಸ್. ಇನ್ನೊಂದು ಕಡೆ ಸುರ್ಬರಾನ್ ಬರೆದ ಸನ್ಯಾಸಿಗಳ ಪಂಕ್ತಿ. ಬಿಳಿ ನಿಲುವಂಗಿ, ಮೇಜಿನ ಮೇಲೆ ಬ್ರೆಡ್ಡು, ಹೂಜಿ. ಸನ್ಯಾಸಿಗಳು ಓಡಾಡಿದ ಪಡಸಾಲೆ ದಾಟಿ ಬಂದು ಈ ಚಿತ್ರದ ಮುಂದೆ ನಿಂತರೆ ಯಾರೂ ಏನೂ ವಿವರಿಸಬೇಕಿಲ್ಲ, ಅಲ್ವಾ?

ಬಳಕೆಯಲ್ಲಿರುವುದನ್ನು ನಾವೂ ಚೆನ್ನಾಗಿಯೇ ಕಾಯುತ್ತೇವೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಚಿತ್ರಕಾರ ಮೊಸ್ಕೆನಿ ಬರೆದ ಚಿತ್ರಗಳ ಕೆಳಗೆ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಚಿತ್ರ ಹುಟ್ಟಿದಲ್ಲೇ ಬದುಕುವುದು ಮ್ಯೂಸಿಯಂಗಿಂತ ಮೇಲು. ಬಳಕೆ ನಿಂತ ಮೇಲೆ ಮಾತ್ರ ನಾವು ಕೈಬಿಟ್ಟುಬಿಡುತ್ತೇವೆ. ಜಗನ್ಮೋಹನ ಅರಮನೆ, ಗೋಳಗುಮ್ಮಟದ ಮುಂದಿನ ನಗಾರಖಾನೆ ಮ್ಯೂಸಿಯಂ ಆಗಿವೆ, ಸಂತೋಷ. ಅವು ಅರಸರು ಕಟ್ಟಿಸಿದವು. ಊರೂರಿನ ವಾಡೆಗಳನ್ನು, ತೊಟ್ಟಿಮನೆಗಳನ್ನು ಕೇಳುವವರು ಯಾರು? ಮಕ್ಕಳು ಪಾಲಾದರು ಅಂದರೆ ಕೆತ್ತನೆಯ ಬಾಗಿಲು, ಕಂಬ ಎಲ್ಲ ಕಳಚಿ ಮಾರಾಟಕ್ಕೆ. ಕಂಬ ಯಾವುದೋ ರೆಸಾರ್ಟ್ ಸೇರುತ್ತದೆ, ಮನೆಯ ಹೆಸರು ಅಲ್ಲಿಗೆ ಮುಗಿಯಿತು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ತಾಲೂಕಿಗೆ ಒಂದಾದರೂ ಉಳಿಸಿಕೊಳ್ಳೋಣ. ಕೊಪ್ಪಳ ಕಡೆಯ ಹಳೇ ವಾಡೆಯಲ್ಲಿ ಕಿನ್ನಾಳದ ಗೊಂಬೆ ಇರಲಿ, ಕರಾವಳಿಯ ಗುತ್ತಿನ ಮನೆಯಲ್ಲಿ ಯಕ್ಷಗಾನದ ಕಿರೀಟ ಇರಲಿ. ಟಿಕೆಟ್ ಜಾಸ್ತಿ ಇಡುವುದು ಬೇಡ. ಸೆವಿಲ್‌ನ ಈ ಮ್ಯೂಸಿಯಂನಲ್ಲಿ ಯುರೋಪಿಯನ್ ಒಕ್ಕೂಟದವರಿಗೆ ಪ್ರವೇಶ ಉಚಿತ, ನಮ್ಮಂಥ ಹೊರಗಿನವರಿಗೂ ಬರೀ 1.50 ಯೂರೋ.