ಜಿಂಕ್ ಕಡಿಮೆ ಇದೆ, ಸರಿ. ಆದರೆ ಯಾಕೆ?

ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುವ ಡೈಲೇಟೆಡ್ ಕಾರ್ಡಿಯೊಮಯೋಪತಿ ಇರುವ ಮಕ್ಕಳ ರಕ್ತದಲ್ಲಿ ಜಿಂಕ್ ಕಡಿಮೆ ಇರುತ್ತದೆ, ಆದ್ದರಿಂದ ಜಿಂಕ್ ಸಿರಪ್ ಕೊಡಿ ಎನ್ನುತ್ತದೆ ನಾನು ಓದಿದ ಒಂದು ಲೇಖನ. ನನ್ನ ತಕರಾರು ಆ 'ಆದ್ದರಿಂದ'ದ ಬಗ್ಗೆ.

ಹೃದಯ ಸೋತ ಮಗು ಸರಿಯಾಗಿ ಉಣ್ಣುವುದಿಲ್ಲ. ಕೆಲವು ಮೂತ್ರವರ್ಧಕಗಳು, ಹೃದಯದ ಹೊರೆ ಇಳಿಸಲು ಕೊಡುವ ಕ್ಯಾಪ್ಟೊಪ್ರಿಲ್‌ನಂಥ ಔಷಧಿಗಳು ಮೂತ್ರದಲ್ಲಿ ಜಿಂಕ್ ಹೋಗುವುದನ್ನು ಹೆಚ್ಚಿಸುತ್ತವೆ. ಸೋಂಕು ತಗುಲಿದಾಗ ರಕ್ತದ ಜಿಂಕ್ ಲಿವರ್ ಸೇರಿಕೊಳ್ಳುತ್ತದೆ, ರಕ್ತದಲ್ಲಿ ಜಿಂಕ್ ಹೊತ್ತೊಯ್ಯುವ ಪ್ರೋಟೀನ್ ಆಲ್ಬುಮಿನ್ ಇಳಿದರೆ ವರದಿಯಲ್ಲಿ ಜಿಂಕೂ ಇಳಿದೇ ಕಾಣುತ್ತದೆ. ಅಂದಮೇಲೆ ಈ ಕೊರತೆ ಕಾಯಿಲೆಯಿಂದಲೇ ಬಂದಿರಬಹುದಲ್ಲ? ಜಿಂಕ್ ಬೇಡವೇ ಬೇಡ ಎಂದಲ್ಲ; ಜೀವಕೋಶಗಳನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯುವ ಒಂದು ಮುಖ್ಯ ಕಿಣ್ವಕ್ಕೆ ತಾಮ್ರದ ಜೊತೆ ಜಿಂಕೂ ಬೇಕು.

ತೊಂದರೆ ಇರುವುದೂ ಅಲ್ಲೇ. ತಿಂಗಳುಗಟ್ಟಲೆ ಹೆಚ್ಚು ಜಿಂಕ್ ಕೊಟ್ಟರೆ ಕರುಳು ತಾಮ್ರವನ್ನು ಹೀರುವುದು ಕಡಿಮೆಯಾಗಿ ರಕ್ತಹೀನತೆ ಬರಬಹುದು. ಮೊದಲೇ ಬಳಲಿದ ಹೃದಯಕ್ಕೆ ಅದೊಂದು ಹೊಸ ಹೊರೆ.

ಲೇಖನ ಬಿಟ್ಟ ಇನ್ನೊಂದು ವಿಷಯ: ಎದೆಹಾಲು ಕುಡಿಯುವ ಕೂಸುಗಳಲ್ಲಿ ವಿಟಮಿನ್ ಡಿ ಕೊರತೆಯಿಂದ ಕ್ಯಾಲ್ಸಿಯಂ ಕುಸಿದು ಹೃದಯ ಹಿಗ್ಗುವುದುಂಟು. ಪತ್ತೆಹಚ್ಚಿ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಇಷ್ಟು ಮುಖ್ಯವಾದದ್ದಕ್ಕೆ ಒಂದು ಸಾಲೂ ಇಲ್ಲವೇ!

ಭೇದಿಯಾದಾಗ ಓಆರ್‌ಎಸ್ ಜೊತೆ ಆಶಾ ಕಾರ್ಯಕರ್ತೆಯರು ಕೊಡುವ ಜಿಂಕ್ ಮಾತ್ರೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದೂ ಎರಡು ವಾರದ ಮಟ್ಟಿಗೆ. ಮನೆಯಲ್ಲಿ ಉಳಿದಿದೆಯೆಂದು ಹೃದ್ರೋಗದ ಮಗುವಿಗೆ ಅದನ್ನೇ ಮುಂದುವರಿಸಬೇಡಿ, ವೈದ್ಯರನ್ನು ಕೇಳಿ.