ಐದು ಪಾಲಿಕೆಗೆ ಐದು ಕನ್ವೆನ್ಷನ್ ಸೆಂಟರ್ ಕೊಡಿ

ಮಹಾನಗರವನ್ನು ಮಧ್ಯಮ ಗಾತ್ರದ ಊರು ಮಾಡುವುದು ಹೇಗೆಂದು ನಮ್ಮ ಸರ್ಕಾರ ಜಗತ್ತಿಗೇ ತೋರಿಸಿಕೊಟ್ಟಿದೆ. 2025ರ ಸೆಪ್ಟೆಂಬರ್ 2ರಂದು ಒಂದು ಅಧಿಸೂಚನೆ, ಕೆಲಸ ಮುಗಿಯಿತು. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಮಲಗಿದವರು ಬೆಳಿಗ್ಗೆ ಏಳುವಾಗ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆಗಳಿಗೆ ಹಂಚಿಹೋಗಿದ್ದರು. ರಸ್ತೆಗುಂಡಿಗಳು ಮಾತ್ರ ಇದ್ದಲ್ಲೇ ಇದ್ದವು.

ಮಧ್ಯಮ ಗಾತ್ರದ ಊರು ಅಂದಮೇಲೆ ಅದಕ್ಕೊಂದು ಕನ್ವೆನ್ಷನ್ ಸೆಂಟರ್ ಇರಲೇಬೇಕು. ಇಲ್ಲದಿದ್ದರೆ ಪಕ್ಕದ ಊರಿನ ಮುಂದೆ ಮರ್ಯಾದೆ ಏನು? ಈಗ ನಮಗೆ ಪಕ್ಕದ ಊರುಗಳೂ ನಾಲ್ಕಿವೆ. ಹಾಗಾಗಿ ಯಾರಾದರೂ ಕೇಳುವ ಮುಂಚೆ ನಾನೇ ಕೇಳಿಬಿಡುತ್ತೇನೆ: ಪಾಲಿಕೆಗೊಂದರಂತೆ ಐದು ಕೊಡಿ. ಹಳೆಯ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಐದು ಪಾಲಿಕೆ ಹುಟ್ಟುವ ಹೊತ್ತಿಗೆ ಐದರಲ್ಲೂ ಸೇರಿ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ಸದಸ್ಯರಿಲ್ಲದೆ ಪಾಲಿಕೆ ನಡೆಸಿದವರಿಗೆ ಸಮ್ಮೇಳನವಿಲ್ಲದೆ ಸಮ್ಮೇಳನ ಕೇಂದ್ರ ನಡೆಸುವುದು ಯಾವ ಲೆಕ್ಕ!

ಇರುವುದೇ ಸಾಕಲ್ಲವೇ ಎನ್ನುವ ತಕರಾರಿನವರು ಇದ್ದೇ ಇರುತ್ತಾರೆ. ತುಮಕೂರು ರಸ್ತೆಯಲ್ಲಿ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರ ಇದೆ, ನಿಜ. ಅದು ಬಂದದ್ದು 2007ರಲ್ಲಿ. ಅದರ ಬಾಗಿಲಲ್ಲಿರುವ ಮಾದಾವರ ನಿಲ್ದಾಣಕ್ಕೆ ಮೆಟ್ರೊ ಬಂದದ್ದು 2024ರ ನವೆಂಬರ್‌ನಲ್ಲಿ. ನಡುವಿನ ಹದಿನೇಳು ವರ್ಷ ಜನ ಲಾರಿಗಳ ಸಂದಿಯಲ್ಲಿ ತೆವಳಿಕೊಂಡು ಹೋಗಿ, ಭವಿಷ್ಯದ ತಂತ್ರಜ್ಞಾನ ನೋಡಿ, ಕತ್ತಲಾದ ಮೇಲೆ ಮನೆ ಸೇರಿದರು. ವೈಟ್‌ಫೀಲ್ಡಿನಲ್ಲಿ ಕೆಟಿಪಿಒ ಅನ್ನುವ ಇನ್ನೊಂದು ಪ್ರದರ್ಶನ ಕೇಂದ್ರ ಇದೆ. ವಿಜಯನಗರದವನಿಗೆ ಅಲ್ಲಿಗೆ ಹೋಗುವುದೆಂದರೆ ಬುತ್ತಿ ಕಟ್ಟಿಕೊಂಡು ಹೊರಡುವ ಪ್ರಯಾಣ. ನಿಮ್ಹಾನ್ಸ್‌ನವರದ್ದೂ ಒಂದು ಕನ್ವೆನ್ಷನ್ ಸೆಂಟರ್ ಇದೆ. ಹೊಸೂರು ರಸ್ತೆ ಹಾದು ಬಂದವರಿಗೆ ಅದು ಅಲ್ಲಿರುವುದೇ ಅನುಕೂಲ. ಇನ್ನು 1935ರ ಪುಟ್ಟಣ್ಣ ಚೆಟ್ಟಿ ಟೌನ್ ಹಾಲ್. ಊರಿನ ಅರ್ಧ ಜನ ಅದರ ಮೆಟ್ಟಿಲ ಮೇಲೆ ನಿಂತು ಧಿಕ್ಕಾರ ಕೂಗಿದ್ದಾರೆ. ಒಳಗೆ ಕುರ್ಚಿ ಯಾವ ಬಣ್ಣದ್ದು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಕೊನೆಗೆ ಧಿಕ್ಕಾರವನ್ನೂ ಹಳೆಯ ಜೈಲಿಗೆ, ಅಂದರೆ ಫ್ರೀಡಂ ಪಾರ್ಕಿಗೆ ಸಾಗಹಾಕಿದರು.

ಅಮೆರಿಕದಲ್ಲಿ ಹೇವುಡ್ ಸ್ಯಾಂಡರ್ಸ್ ಅಂತ ಒಬ್ಬ ಮೇಷ್ಟ್ರಿದ್ದಾರೆ. ಟೆಕ್ಸಸ್ ವಿಶ್ವವಿದ್ಯಾಲಯದವರು. 2005ರಲ್ಲಿ ಬ್ರೂಕಿಂಗ್ಸ್ ಸಂಸ್ಥೆಗೆ ಬರೆದ ವರದಿಯಲ್ಲಿ ಅವರು ಒಂದು ಲೆಕ್ಕ ಇಟ್ಟರು: 1990ರಿಂದೀಚೆಗೆ ಅಲ್ಲಿನ ಊರುಗಳು ಪೈಪೋಟಿಯಲ್ಲಿ ಕಟ್ಟಿ ಕಟ್ಟಿ ಕನ್ವೆನ್ಷನ್ ಜಾಗವನ್ನು ಶೇಕಡಾ 50ಕ್ಕಿಂತ ಹೆಚ್ಚು ಹಿಗ್ಗಿಸಿಕೊಂಡವು, ಆದರೆ ದೊಡ್ಡ ಪ್ರದರ್ಶನಗಳಿಗೆ ಬರುವ ಜನ 1993ರ ಮಟ್ಟದಲ್ಲೇ ನಿಂತಿದ್ದರು. ಖಾಲಿ ಬಿದ್ದ ಹಾಲ್‌ಗಳ ಬಾಡಿಗೆಯಲ್ಲಿ ರಿಯಾಯಿತಿ ಬಂತು. ಆಗಲೂ ಸಲಹೆಗಾರರು ಎದೆಗುಂದಲಿಲ್ಲ. ಇನ್ನೂ ದೊಡ್ಡದು ಕಟ್ಟಿ, ಪಕ್ಕದಲ್ಲೊಂದು ಹೋಟೆಲನ್ನೂ ಕಟ್ಟಿ ಎಂದರು.

ಮೇಷ್ಟ್ರಿಗೆ ಲೆಕ್ಕ ಗೊತ್ತು, ಲಗ್ನ ಗೊತ್ತಿಲ್ಲ. ನಮ್ಮಲ್ಲಿ ಹಾಲ್ ಖಾಲಿ ಬೀಳುವ ಮಾತೇ ಇಲ್ಲ. ನಾಲ್ಕು ಗೋಡೆ, ಒಂದು ಊಟದ ಹಾಲ್, ಪಕ್ಕದಲ್ಲಿ ಖಾಲಿ ಸೈಟು ಇದ್ದರೆ ಸಾಕು, ಮದುವೆಯವರು ಅಡ್ವಾನ್ಸ್ ಹಿಡಿದುಕೊಂಡೇ ಬರುತ್ತಾರೆ. ಕಂಪನಿಯವರ ಬಳಿ ಬಾಡಿಗೆ ಕೇಳಿ ನೋಡಿ: ಬಿಲ್ ಕಳಿಸಿ, ಮೂರು ತಿಂಗಳು ಕಾಯಿರಿ ಎನ್ನುತ್ತಾರೆ. ಹೆಣ್ಣಿನ ಅಪ್ಪ ಹಾಗೆ ಅಂದು ಬದುಕುವುದುಂಟೇ? ಯಾವ ಕನ್ವೆನ್ಷನ್ ಹಾಲ್‌ಗೆ ಬೇಕಾದರೂ ಫೋನ್ ಮಾಡಿ, ಕೃತಕ ಬುದ್ಧಿಮತ್ತೆಯ ಬಗ್ಗೆ ಎರಡು ದಿನದ ಸಮ್ಮೇಳನ ಇದೆ ಎಂದು ಹೇಳಿ. ಮ್ಯಾನೇಜರ್ ಕೇಳುವುದು ಒಂದೇ: "ಎಷ್ಟು ಎಲೆ ಆಗುತ್ತೆ ಸಾರ್?"

ಆದ್ದರಿಂದ ಡಿಪಿಆರ್, ಅಂದರೆ ಯೋಜನೆಯ ವಿವರವಾದ ವರದಿ, ಬರೆಯುವ ಕೆಲಸವನ್ನು ಸಲಹಾ ಸಂಸ್ಥೆಗೆ ಬದಲು ಜೋಯಿಸರಿಗೆ ಕೊಡುವುದು ಲೇಸು. ವರ್ಷದಲ್ಲಿ ಹಾಲ್ ಎಷ್ಟು ದಿನ ತುಂಬುತ್ತದೆ ಎಂದು ಅವರು ಪಂಚಾಂಗ ತೆಗೆದು ಕಂಕಣ ಕಟ್ಟಿದಷ್ಟು ಖಚಿತವಾಗಿ ಹೇಳಬಲ್ಲರು. ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆ ಇಲ್ಲ. ವಿಶ್ವಮಟ್ಟದ ಸಮ್ಮೇಳನಗಳನ್ನೆಲ್ಲ ಅಲ್ಲಿಗೆ ತಳ್ಳಿಬಿಡೋಣ. ಈಗ ಆಗುತ್ತಿರುವುದೇನು? ಟೆಕ್ ಸಮ್ಮಿಟ್ಟನ್ನು ನವೆಂಬರ್‌ನಲ್ಲಿ ಇಡುತ್ತಾರೆ. ತುಳಸಿ ಹಬ್ಬ ಮುಗಿದು ಊರೆಲ್ಲ ವಾಲಗ ಶುರುವಾಗುವ ಹೊತ್ತು ಅದು. ಹೂಡಿಕೆದಾರರೂ ಬೀಗರೂ ಒಂದೇ ರಸ್ತೆಯಲ್ಲಿ ಹಾರ್ನ್ ಹೊಡೆದುಕೊಂಡು ನಿಲ್ಲುತ್ತಾರೆ. ಮೇಖ್ರಿ ಸರ್ಕಲ್ಲಿನಲ್ಲಿ ಕಾರು ಅಲುಗಾಡದೆ ನಿಂತಿತೆಂದರೆ ಅರಮನೆ ಮೈದಾನದಲ್ಲಿ ಅಂದು ಒಳ್ಳೆಯ ಮುಹೂರ್ತವಿದೆ ಎಂದು ತಿಳಿಯಬೇಕು.

ಜಾಗ ಎಲ್ಲಿದೆ ಅಂತ ಕೇಳಬೇಡಿ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಉಳಿದವುಗಳಲ್ಲಿ ಐದು ಆರಿಸುವುದು ನಮ್ಮ ಅಧಿಕಾರಿಗಳಿಗೆ ಕಷ್ಟವಲ್ಲ. ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿದರೆ ಜಲಕ್ರೀಡೆಯ ಪ್ರದರ್ಶನ ಇಟ್ಟರಾಯಿತು.

ರಸ್ತೆಯೂ ಬೇಡ, ಚಿತ್ರ ಸಾಕು. ಕಂಪ್ಯೂಟರಿನಲ್ಲಿ ಬಿಡಿಸಿದ ಆ ಚಿತ್ರದಲ್ಲಿ ಆಕಾಶ ನೀಲಿಯಾಗಿರಲಿ, ರಸ್ತೆಯ ಮೇಲೆ ಮೂರೇ ಕಾರು ಓಡಾಡಲಿ, ಅಗಲವಾದ ಫುಟ್‌ಪಾತಿನಲ್ಲಿ ವಿದೇಶಿ ಹೆಂಗಸೊಬ್ಬಳು ನಾಯಿ ಹಿಡಿದು ನಡೆಯುತ್ತಿರಲಿ. ಅದೇ ಫುಟ್‌ಪಾತಿನ ಮೇಲೆ ಹಿಂದಿನಿಂದ ಬರುವ ಸ್ಕೂಟರನ್ನು ದಯವಿಟ್ಟು ಬಿಡಿಸಬೇಡಿ, ನಾಯಿ ಬೆದರುತ್ತದೆ.

ಕಟ್ಟುವವರು ಯಾರೇ ಆಗಲಿ, ಒಂದು ಷರತ್ತು ಮಾತ್ರ ಟೆಂಡರಿನಲ್ಲೇ ಬರೆಸಬೇಕು. ಊಟದ ಹಾಲ್ ಸಭಾಂಗಣಕ್ಕಿಂತ ದೊಡ್ಡದಿರಲಿ, ನಡುವೆ ಬೀಗ ಹಾಕದ ಬಾಗಿಲಿರಲಿ. ಹೂಡಿಕೆ ಗೋಷ್ಠಿಗೆ ಬಂದ ಜರ್ಮನಿಯವರು ದಾರಿ ತಪ್ಪಿ ಪಕ್ಕದ ಆರತಕ್ಷತೆಗೆ ನುಗ್ಗಿದರೆ ಯಾರೂ ತಡೆಯಬಾರದು. ಹೋಳಿಗೆ ಬಡಿಸಿ, ವೇದಿಕೆ ಹತ್ತಿಸಿ ಫೋಟೊ ತೆಗೆಸಿ, ತಾಂಬೂಲ ಕೊಟ್ಟು ಕಳಿಸಿ. ಒಪ್ಪಂದಕ್ಕೆ ಸಹಿ ಬೀಳುತ್ತದೋ ಇಲ್ಲವೋ, ಮುಯ್ಯಿ ಕವರ್ ಆದರೂ ಬರುತ್ತದೆ.