ಕಾರ್ಖಾನೆ ಬೇಕು, ಕಾರು ಬೇಡವೆ?

ಪಕ್ಕದ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಭಾನುವಾರ ಮಧ್ಯಾಹ್ನ ಗ್ಯಾರೇಜಿನ ಬಾಗಿಲು ಎತ್ತಿ, ಹಳೇ ಟಿವಿಯೊಂದನ್ನು ಹಾಕಿಕೊಂಡು ನ್ಯಾಸ್ಕಾರ್ ಅನ್ನುವ ಅಮೆರಿಕದ ಕಾರು ರೇಸು ನೋಡುತ್ತಾ ಕೂತರೆ ಮುಗಿಯಿತು, ಮನೆಯವರು ಕರೆದರೂ ಏಳುವುದಿಲ್ಲ. ನಾನು ಅಮೆರಿಕದ ನಾರ್ತ್ ಕ್ಯಾರೊಲಿನಾದ ಷಾರ್ಲೆಟ್ ಹತ್ತಿರ ಮನೆ ಮಾಡಿ ಹನ್ನೊಂದು ವರ್ಷವಾಯಿತು. ಆ ಗ್ಯಾರೇಜಿನಲ್ಲಿ ನನಗೂ ಒಂದು ಮಡಚುವ ಕುರ್ಚಿ ಖಾಯಂ. ಹೋದ ಬೇಸಿಗೆಯಲ್ಲಿ ಒಂದು ದಿನ, ಹೋಂಡಾದವರೂ ಈ ರೇಸಿಗೆ ಬಂದರೆ ಹೇಗಿರುತ್ತೆ ಅಂತ ಕೇಳಿದೆ. ಟಿವಿಯಿಂದ ಕಣ್ಣು ತೆಗೆಯದೆ, ‘ಟೊಯೊಟಾ ಒಂದು ಸಾಲದಾ?’ ಅಂದರು.

ನನಗೆ ಚುರುಕ್ ಅಂತು. ನನ್ನದು ಟೊಯೊಟಾ ಕ್ಯಾಮ್ರಿ. ‘ಬನ್ನಿ ಒಂದು ನಿಮಿಷ’ ಅಂತ ಹೊರಗೆ ಕರೆದುಕೊಂಡು ಹೋದೆ. ಇಲ್ಲಿ ಕಾರಿನ ಚಾಸಿ ನಂಬರನ್ನು ಮುಂದಿನ ಗಾಜಿನ ಮೂಲೆಯಲ್ಲಿ, ಹೊರಗಿನಿಂದ ಓದುವ ಹಾಗೆ ಒಂದು ಸಣ್ಣ ಪಟ್ಟಿಯಲ್ಲಿ ಕೊರೆದಿರುತ್ತಾರೆ. ಅದರ ಮೊದಲ ಅಕ್ಷರವೇ ಗಾಡಿಯ ಹುಟ್ಟೂರು ಹೇಳುತ್ತದೆ. 1, 4, 5 ಇದ್ದರೆ ಅಮೆರಿಕ, 2 ಕೆನಡಾ, 3 ಮೆಕ್ಸಿಕೋ. ನನ್ನ ಕ್ಯಾಮ್ರಿಯದು 4, ಕೆಂಟಕಿಯ ಜಾರ್ಜ್‌ಟೌನಿನಲ್ಲಿ ಹುಟ್ಟಿದ್ದು. ಅವರ ಷೆವರ್ಲೆ ಪಿಕಪ್ ಟ್ರಕ್ಕಿನದು 3. ಕನ್ನಡಕ ಒರೆಸಿಕೊಂಡು ಎರಡು ಸಲ ಬಗ್ಗಿ ನೋಡಿದರು. ಗೆದ್ದೆ ಅಂದುಕೊಂಡೆ. ಅವರು ಸೊಂಟ ನೆಟ್ಟಗೆ ಮಾಡಿಕೊಂಡು, ‘ಅದಕ್ಕೇ ಹೇಳಿದ್ದು. ಕಾರ್ಖಾನೆ ಆಗಲೇ ಹೋಯಿತು, ರೇಸೊಂದು ಉಳಿದಿತ್ತು’ ಅಂದು ಮತ್ತೆ ಹೋಗಿ ಕೂತರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಏಕೆಂದರೆ ನಮ್ಮ ಕಡೆ ಈ ಲೆಕ್ಕ ಪೂರಾ ತಿರುಗುಮುರುಗು. ನಾನು ಚನ್ನಪಟ್ಟಣದವನು. ಬಿಡದಿ ಅಂದರೆ ನಮಗೆ ತಟ್ಟೆ ಇಡ್ಲಿ, ಅಷ್ಟೇ. 1990ರ ದಶಕದ ಕೊನೆಗೆ ಟೊಯೊಟಾದವರು ಕಿರ್ಲೋಸ್ಕರ್ ಜೊತೆ ಸೇರಿ ಅಲ್ಲಿ ಕಾರ್ಖಾನೆ ಎಬ್ಬಿಸಿದರು, 2000ದಲ್ಲಿ ಕ್ವಾಲಿಸ್ ಬಂತು. ಜಪಾನಿನವರ ಗಾಡಿ ಅಂತ ಯಾರೂ ಮುಖ ಸಿಂಡರಿಸಿದ್ದು ನನಗೆ ನೆನಪಿಲ್ಲ. ದಿಬ್ಬಣಕ್ಕೆ ಕ್ವಾಲಿಸ್ ಸಿಕ್ಕಿತು ಅಂದರೆ ಬೀಗರ ಮುಂದೆ ಒಂದು ಗತ್ತು! ನಾವು ಕೇಳಿದ ಪ್ರಶ್ನೆಯೇ ಬೇರೆ. ನಮ್ಮ ಹುಡುಗರಿಗೆ ಎಷ್ಟು ಕೆಲಸ? ಆಫೀಸಿನಲ್ಲೋ, ಬರೀ ಗೇಟಿನಲ್ಲೋ? ಯಾವ ದೊಡ್ಡ ಕಂಪನಿ ಬಂದರೂ ಸರೋಜಿನಿ ಮಹಿಷಿ ವರದಿಯ ಮಾತು ಎದ್ದೇ ಏಳುತ್ತದೆ. ಹೆಸರು ಯಾರದಾದರೂ ಇರಲಿ, ಹಾಜರಿ ಪುಸ್ತಕದಲ್ಲಿ ನಮ್ಮವರಿದ್ದಾರಾ ಎನ್ನುವುದು ನಮ್ಮ ಜಗಳ. ಇಲ್ಲಿ ದಕ್ಷಿಣದ ರಾಜ್ಯಗಳು ತೆರಿಗೆ ಬಿಟ್ಟುಕೊಟ್ಟು, ಒಬ್ಬರ ಮೇಲೊಬ್ಬರು ಬಿದ್ದು ಹೊರದೇಶದ ಕಾರು ಕಾರ್ಖಾನೆ ಕರೆಸಿಕೊಂಡವು. ಕಾರ್ಖಾನೆಗೆ ರತ್ನಗಂಬಳಿ. ಅದೇ ಹೆಸರು ರೇಸಿನ ಗಾಡಿಯ ಮೂತಿಯ ಮೇಲೆ ಕಂಡರೆ ಮಾತ್ರ ಮೈ ಉರಿ.

ಮೊದಮೊದಲು ನನಗಿದು ಬರೀ ಹಟ ಅನ್ನಿಸುತ್ತಿತ್ತು. ಇಲ್ಲಿಂದ ಸ್ವಲ್ಪ ದೂರದಲ್ಲಿ ಕನ್ನಾಪೊಲಿಸ್ ಅಂತ ಒಂದು ಊರಿದೆ. (ಹೆಸರು ಕೇಳಿ ಊರಿನಿಂದ ಬಂದ ಪ್ರತಿ ನೆಂಟರೂ ಕನ್ನಡದವರು ಕಟ್ಟಿದ್ದಾ ಅಂತ ಕೇಳುತ್ತಾರೆ.) ನ್ಯಾಸ್ಕಾರಿನಲ್ಲಿ ಏಳು ಸಲ ಚಾಂಪಿಯನ್ ಆದ ಡೇಲ್ ಅರ್ನ್‌ಹಾರ್ಟ್ ಹುಟ್ಟಿದ ಊರದು. ಅವರ ತಂದೆ ಹತ್ತಿ ಗಿರಣಿಯಲ್ಲಿ ದುಡಿಯುತ್ತಾ ರೇಸು ಹತ್ತಿದವರು. 2003ರಲ್ಲಿ ಆ ಊರಿನ ಜವಳಿ ಗಿರಣಿ ಬಾಗಿಲು ಹಾಕಿದಾಗ ಸಾವಿರಾರು ಜನ ಒಟ್ಟಿಗೆ ಬೀದಿಗೆ ಬಂದರು. ಇದಾದ ನಾಲ್ಕೇ ವರ್ಷಕ್ಕೆ ಟೊಯೊಟಾ ನ್ಯಾಸ್ಕಾರಿನ ಮುಖ್ಯ ರೇಸಿಗಿಳಿಯಿತು. ಅಪ್ಪ ಷೆವಿ (ಷೆವರ್ಲೆಗೆ ಇಲ್ಲಿನವರ ಮುದ್ದಿನ ಹೆಸರು), ಮಗ ಷೆವಿ, ಮೊಮ್ಮಗನಿಗೂ ಷೆವಿ ಟೋಪಿ. ನಮ್ಮಲ್ಲಿ ಇಂಥ ದೇವರ ಒಕ್ಕಲು ಅನ್ನುತ್ತೇವಲ್ಲ, ಹಾಗೆ ಇವರು ಷೆವಿ ಒಕ್ಕಲು, ಅವರು ಫೋರ್ಡ್ ಒಕ್ಕಲು. ಅನ್ನ ಹೋದ ಮೇಲೂ ಮನೆದೇವರನ್ನು ಬಿಡುವವರು ಯಾರು?

ಆದರೂ ಆ ದೇವರ ಮೂರ್ತಿಯನ್ನೊಮ್ಮೆ ಹತ್ತಿರದಿಂದ ನೋಡಬೇಕು. ನ್ಯಾಸ್ಕಾರ್ ಗಾಡಿಗೆ ಹೆಡ್‌ಲೈಟೇ ಇಲ್ಲ. ಇರುವುದು ಹೆಡ್‌ಲೈಟಿನ ಸ್ಟಿಕ್ಕರು. ಶೋರೂಮಿನ ಕ್ಯಾಮ್ರಿಯಲ್ಲಿ ಇಂಜಿನ್ ಓಡಿಸುವುದು ಮುಂದಿನ ಚಕ್ರವನ್ನು. ರೇಸಿನ ಕ್ಯಾಮ್ರಿಗೆ ಹಿಂದಿನ ಚಕ್ರ, ಹಳೇ ಕಾಲದ ಪುಶ್‌ರಾಡ್ ವಿ8. ಅಂಥ ಇಂಜಿನ್ ಆಗ ಟೊಯೊಟಾದ ಯಾವ ಶೋರೂಮಿನಲ್ಲೂ ಇರಲಿಲ್ಲ, ಈ ಆಟಕ್ಕೆಂದೇ ಹೊಸದಾಗಿ ಹಳೆಯದನ್ನು ಮಾಡಿಕೊಂಡು ಬಂದರು! ರಸ್ತೆ ಕಾರುಗಳು ಎಂದೋ ಬಿಟ್ಟ ಕಾರ್ಬುರೇಟರು ಇಲ್ಲಿ 2011ರವರೆಗೂ ಇತ್ತು. 2022ರಿಂದಂತೂ ಎಲ್ಲರಿಗೂ ಒಂದೇ ಚಾಸಿ, ಒಂದೇ ಕಡೆಯಿಂದ ಬಂದದ್ದು. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಮೂತಿಯ ಆಕಾರ, ಇಂಜಿನ್ನು, ಒಂದು ಹೆಸರು. ಸ್ಟಿಕ್ಕರಿಗೆ ಜಗಳವಾ ಅಂತ ನಗಬಹುದು. ಉಳಿದಿರುವುದೇ ಸ್ಟಿಕ್ಕರು ಅಂದಾಗ ಜಗಳ ಇನ್ಯಾವುದಕ್ಕೆ ಆಗಬೇಕು?

ಇನ್ನು ‘ಹೊರಗಿನವರು ಬಂದು ಆಟ ಕೆಡಿಸಿದರು’ ಅನ್ನುವ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಈ ಆಟ ಹುಟ್ಟಿದ್ದೇ ಕಳ್ಳಬಟ್ಟಿ ಸಾಗಿಸುವವರ ಸಹವಾಸದಲ್ಲಿ. ಪೊಲೀಸರ ಕೈಗೆ ಸಿಗದಂತೆ ಬೆಟ್ಟದ ದಾರಿಯಲ್ಲಿ ಕಾರು ಹೊಡೆಯುತ್ತಿದ್ದವರು ಭಾನುವಾರ ರೇಸಿಗೆ ನಿಲ್ಲುತ್ತಿದ್ದರು. ದೊಡ್ಡ ಹೆಸರಿನ ರೇಸುಗಾರ ಜೂನಿಯರ್ ಜಾನ್ಸನ್ ಅದೇ ಕಳ್ಳಬಟ್ಟಿಗೆ ಜೈಲು ಕಂಡು ಬಂದವರು. 1949ರಲ್ಲಿ ಷಾರ್ಲೆಟ್ಟಿನಲ್ಲಿ ನಡೆದ, ಈ ಆಟದ ಮುಖ್ಯ ಸರಣಿಯ ಮೊಟ್ಟಮೊದಲ ರೇಸಿನಲ್ಲಿ ಮುಂದೆ ಬಂದ ಫೋರ್ಡನ್ನು ಹಿಂದಿನ ಸ್ಪ್ರಿಂಗ್ ಬದಲಾಯಿಸಿದ್ದಾರೆಂದು ಹೊರಹಾಕಿದರು. ಅದು ಸರಕು ಹೊರಲು ಗಟ್ಟಿ ಮಾಡಿಕೊಂಡ ಗಾಡಿ. ಐದು ವರ್ಷಕ್ಕೆ, 1954ರಲ್ಲಿ, ನ್ಯೂಜೆರ್ಸಿಯ ಒಂದು ವಿಮಾನ ನಿಲ್ದಾಣದಲ್ಲಿ ನಡೆದ ರೇಸನ್ನು ಇಂಗ್ಲೆಂಡಿನ ಜಾಗ್ವಾರ್ ಗೆದ್ದುಕೊಂಡಿತು. ಆಕಾಶವೇನೂ ಬೀಳಲಿಲ್ಲ. ಮತ್ತೊಂದು ಹೊರದೇಶದ ಹೆಸರು ಗೆಲ್ಲಲು 54 ವರ್ಷ ಬೇಕಾಯಿತು: 2008, ಅಟ್ಲಾಂಟಾ, ಕೈಲ್ ಬುಶ್ ಓಡಿಸಿದ ಕ್ಯಾಮ್ರಿ.

ಟೊಯೊಟಾ ನೇರವಾಗಿ ಪಂಕ್ತಿಯ ಮೊದಲ ಎಲೆಗೆ ಬಂದು ಕೂರಲಿಲ್ಲ. 2000ದಲ್ಲಿ ಒಂದು ಸಣ್ಣ ಸರಣಿ, 2004ರಲ್ಲಿ ಟ್ರಕ್ಕುಗಳ ಸರಣಿ, 2007ರಲ್ಲಷ್ಟೇ ಕಪ್ ಅನ್ನುವ ಮುಖ್ಯ ಸರಣಿ. ಆ ಮೊದಲ ವರ್ಷ ಹೆಸರಾಂತ ಡೇಟೋನಾ ರೇಸಿನಲ್ಲೇ ಅವರ ಒಂದು ತಂಡದ ಇಂಜಿನ್ನಿನಲ್ಲಿ ಇರಬಾರದ ವಸ್ತು ಸಿಕ್ಕಿ ನೂರು ಅಂಕ ಕಳೆದರು. ಮರ್ಯಾದೆ ಹೋಯಿತು, ನಿಜ. 1949ರ ಸ್ಪ್ರಿಂಗಿನ ಕಥೆ ಗೊತ್ತಿದ್ದವರು ಮಾತ್ರ, ಪರವಾಗಿಲ್ಲ, ಊರಿನ ಪದ್ಧತಿ ಬೇಗ ಕಲಿತರು ಅಂತಲೂ ಅನ್ನಬಹುದಿತ್ತು. ಅದೇ ಹೊತ್ತಿಗೆ ರೇಸಿನಲ್ಲಿದ್ದ ಅಮೆರಿಕದ ಹೆಸರುಗಳ ರಸ್ತೆ ಗಾಡಿ ಎಲ್ಲಿ ಕೂಡುತ್ತಿತ್ತು ನೋಡಿ. ಷೆವಿಯ ಇಂಪಾಲಾ, ಡಾಡ್ಜ್ ಚಾರ್ಜರ್ ಎರಡೂ ಕೆನಡಾದಲ್ಲಿ. ಫೋರ್ಡ್ ಫ್ಯೂಷನ್ ಮೆಕ್ಸಿಕೋದಲ್ಲಿ.

ಮುಂದೆ ಆದದ್ದು ಇನ್ನೂ ಸ್ವಾರಸ್ಯ. 2009ರಲ್ಲಿ ಖರ್ಚು ತಾಳದೆ ಟೊಯೊಟಾ ಫಾರ್ಮುಲಾ ಒನ್ ಬಿಟ್ಟಿತು, ಇದನ್ನು ಬಿಡಲಿಲ್ಲ. 2012ರಲ್ಲಿ ಡಾಡ್ಜ್ ಕಾರಿನಲ್ಲಿ ಬ್ರ್ಯಾಡ್ ಕೆಸೆಲೌಸ್ಕಿ ಚಾಂಪಿಯನ್ ಆದರು. ಅದೇ ವರ್ಷದ ಕೊನೆಗೆ ಡಾಡ್ಜ್ ಗಂಟುಮೂಟೆ ಕಟ್ಟಿತು! ಮನೆಯವನು ಗೆದ್ದು ಎದ್ದುಹೋದ, ನೆಂಟ ಕೂತೇ ಇದ್ದಾನೆ. ಇದನ್ನು ಯಜಮಾನರಿಗೆ ಹೇಳಿದಾಗ ಒಂದು ‘ಹ್ಞೂಂ’ ಬಂತು. ಅವರ ಕಡೆಯಿಂದ ಅದು ದೊಡ್ಡ ರಿಯಾಯಿತಿ.

ಹಾಗಾದರೆ ಹೋಂಡಾ ಬರಬೇಕಾ? ಬರಲಿ ಅಂತಲೇ ನನ್ನ ಮತ. ಆದರೆ ನನಗೆ ಅಳುಕಿರುವುದು ಅವರು ಜಪಾನಿನವರು ಅಂತಲ್ಲ. ಅವರು ಫಾರ್ಮುಲಾ ಒನ್‌ಗೆ ಬಂದು 1968ರಲ್ಲಿ ಬಿಟ್ಟವರು, ಮತ್ತೆ ಬಂದು 1992ರಲ್ಲಿ, ಮತ್ತೆ 2008ರಲ್ಲಿ, ಮತ್ತೆ 2021ರಲ್ಲಿ ಬಿಟ್ಟವರು. ತವರಿಗೆ ಹೋಗಿ ಬರುವ ಮಗಳೂ ಇಷ್ಟು ಸಲ ಹೋಗಲಿಕ್ಕಿಲ್ಲ. ಹಾಗಂತ ಅಮೆರಿಕದ ಇಂಡಿ ರೇಸುಗಳಿಗೆ 1994ರಲ್ಲಿ ಬಂದವರು ಇಂದಿಗೂ ಅಲ್ಲಿದ್ದಾರೆ, ಅದನ್ನೂ ಹೇಳಬೇಕು. ದೊಡ್ಡ ತಂಡವೊಂದನ್ನು ದುಡ್ಡು ಸುರಿದು ಎತ್ತಿಕೊಂಡು ಬಂದರೆ ಸಣ್ಣ ತಂಡಗಳ ಖರ್ಚು ಏರುತ್ತದೆ, ಅಷ್ಟೇ ಲಾಭ. ಟೊಯೊಟಾ ಮಾಡಿದಂತೆ ಕೆಳಗಿನ ಸರಣಿಯಿಂದ ಹತ್ತಿ ಬರಲಿ. ಮೂರು ವರ್ಷ ಕೊನೆಯ ಸಾಲಿನಲ್ಲಿ ಹೊಗೆ ಕುಡಿಯಲು ತಯಾರಿದ್ದವರು ಮಾರಾಟ ತಗ್ಗಿದ ಮೊದಲ ವರ್ಷವೇ ಓಡಿಹೋಗುವುದು ಕಷ್ಟ.

ಅಲಬಾಮಾದ ಲಿಂಕನ್ನಿನಲ್ಲಿ 2001ರಿಂದ ಹೋಂಡಾ ಕಾರ್ಖಾನೆ ಇದೆ. ನ್ಯಾಸ್ಕಾರಿನ ಹೆಸರಾಂತ ಟಲ್ಲಡೇಗಾ ರೇಸ್ ಟ್ರ್ಯಾಕ್ ಇರುವುದೂ ಅದೇ ಕೌಂಟಿಯಲ್ಲಿ. ಸುತ್ತಿಗೆ 2.66 ಮೈಲಿ. ವಾರವೆಲ್ಲ ಹೋಂಡಾ ಕೂಡಿಸಿದ ಕೈಗಳು ರೇಸಿನ ದಿನ ಟಿಕೆಟ್ ಕೊಂಡು ಹೋಗಿ ಷೆವಿಗೋ ಫೋರ್ಡಿಗೋ ಟೋಪಿ ಬೀಸಬೇಕು. ಊರ ಜಾತ್ರೆ, ತಾವೇ ಕಡೆದ ಮೂರ್ತಿಗೆ ತೇರಿಲ್ಲ. ಇದನ್ನೂ ಯಜಮಾನರ ಮುಂದಿಟ್ಟೆ. ಟಿವಿಯ ಸದ್ದು ತಗ್ಗಿಸಿ, ಆ ಕಾರ್ಖಾನೆಯಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಸಾವಿರಗಟ್ಟಲೆ ಅಂದೆ. ಸದ್ದು ಮತ್ತೆ ಜೋರು ಮಾಡಿದರು. ಇನ್ನು ಇಪ್ಪತ್ತು ಸುತ್ತು ಉಳಿದಿತ್ತು.